ಮೊದಲು ಓಡುವವಳು

ಸೋಮವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಅದಕ್ಕೂ ನೀನೇ ಕಾರಣ ಎಂದುಕೊಂಡು ಇನ್ನಷ್ಟು ದೂರ ಹೋಗಿ ನಿಲ್ಲುತ್ತೀಯ. ಹಾಗಾಗಿ ಆ ಸಾಲನ್ನೇ ಬಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಬಂದಷ್ಟು ನಿದ್ದೆ ಬರುತ್ತಿದೆ. ಮಲಗುವ ಮುಂಚೆ ನಾಲ್ಕು ಸಾಲು ಬರೆದಿಡುವ ನನ್ನ ಹಳೆಯ ಚಾಳಿ ನಿನಗೆ ಗೊತ್ತಲ್ಲ. ನಿನ್ನೆ ಬರೆಯಲು ಕೂತರೆ ನಾಲ್ಕು ಸಾಲಿಗೆ ನಿಲ್ಲಲಿಲ್ಲ. ಇದು ನನ್ನಲ್ಲೇ ಇಟ್ಟುಕೊಳ್ಳುವ ವಿಷಯವಲ್ಲ ಅನಿಸಿ ನಿನಗೆ ಬರೆಯುತ್ತಿದ್ದೇನೆ.

ನಿನ್ನೆ ನಾನು ಹಾಕಿ ಆಟ ನೋಡಲು ಹೋಗಿದ್ದೆ.

ನಗಬೇಡ. ಮದುವೆಯಾದಾಗಿನಿಂದ ಕರೆದು ಕರೆದು ನಿನ್ನ ಭಾವನ ಬಾಯಿ ಸೋತಿತ್ತು, ನಾನು ಹೋಗಿರಲಿಲ್ಲ. ಅವರ ಪಾಸು ಈ ವರ್ಷದ ಆಟಗಳು ಮುಗಿಯುವತನಕ ನಡೆಯುತ್ತದೆ. ಅವರ ಕೋಟಿನ ಜೇಬಿನಲ್ಲಿತ್ತು. ಭಾನುವಾರ ಮಧ್ಯಾಹ್ನ ಎಂದರೆ ಈ ಮನೆಯಲ್ಲಿ ನಿಮ್ಮಿಬ್ಬರ ಗಲಾಟೆ. ಈಗ ನಲ್ಲಿಯ ಹನಿ ಬಿದ್ದರೂ ಕೇಳುತ್ತದೆ. ಮನೆಯಲ್ಲಿ ಕೂರಲಾಗದೆ ಹೊರಟೆ, ಅಷ್ಟೆ.

ದಾರಿಯುದ್ದಕ್ಕೂ ನಿಮ್ಮ ಮಾತುಗಳೇ. ನಮ್ಮೂರ ತಂಡದ ಹೆಸರುವಾಸಿ ಆಟಗಾರ್ತಿಯರನ್ನೆಲ್ಲ ಬೇರೆ ತಂಡಗಳಿಗೆ ಬಿಟ್ಟುಕೊಟ್ಟು, ಆಗತಾನೇ ಶಾಲೆ ಮುಗಿಸಿದ ಹುಡುಗಿಯರನ್ನು ತಂದು, ‘ಹೊಸದಾಗಿ ತಂಡ ಕಟ್ಟುತ್ತಿದ್ದೇವೆ, ತಾಳ್ಮೆಯಿರಲಿ’ ಎಂದು ಮಾಲೀಕರು ಹೇಳಿ ಎಂಟು ವರ್ಷವಾಯಿತು. ಗಾರೆ ಮೇಸ್ತ್ರಿಯಾದ ನಿನ್ನ ಭಾವನಿಗೆ ಕಟ್ಟುವುದು ಎಂಬ ಮಾತೊಂದೇ ಸಾಕಾಗಿತ್ತು. ‘ಪಾಯ ಹಾಕೋವಾಗ ಗೋಡೆ ಎಲ್ಲಿ ಅಂತ ಕೇಳ್ತೀಯಲ್ಲೋ ಮುಠ್ಠಾಳ’ ಎನ್ನುತ್ತಿದ್ದರು. ನೀನು ಬಿಡುತ್ತಿದ್ದೆಯಾ? ‘ಪಾಯ ತೋಡಿ ತೋಡಿ ಪಾತಾಳ ಸಿಕ್ತು ಭಾವ, ಇನ್ನು ಆ ಕಡೆಯಿಂದ ಹೊರಗೆ ಬರ್ತಾರೆ.’ ಟೀ ಆರುತ್ತಿತ್ತು. ನಾನು ಮತ್ತೆ ಬಿಸಿ ಮಾಡುತ್ತಿದ್ದೆ. ಮತ್ತೆ ಆರುತ್ತಿತ್ತು.

ಆ ಕೊನೆಯ ಭಾನುವಾರ ನೀನು, ‘ಈ ತಂಡ ಗೆಲ್ಲೋದನ್ನ ನೀವು ಈ ಜನ್ಮದಲ್ಲಿ ನೋಡಲ್ಲ ಭಾವ’ ಎಂದೆ. ಮೂವರೂ ನಕ್ಕೆವು. ಅದರ ಮುಂದಿನ ವಾರವೇ ಅವರು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಅವರನ್ನು ಕಳಿಸಿಕೊಟ್ಟ ದಿನ ನೀನು ಗೇಟಿನ ಹತ್ತಿರ ನಿಂತಿದ್ದು, ಒಳಗೆ ಬರದೆ ಹೋದದ್ದು ನನಗೆ ಕಂಡಿತ್ತು. ‘ನನ್ನದು ಕರಿನಾಲಿಗೆ’ ಎಂದು ನೀನು ಕೊರಗುತ್ತಿರುವುದಾಗಿ ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನು ಕಂಡದ್ದನ್ನು ಹೇಳಿಬಿಡಲಿ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ಮೈದಾನ ನೀಲಿ ಎಂದು ನೀವು ಯಾರೂ ನನಗೆ ಹೇಳಿರಲಿಲ್ಲ. ಹುಲ್ಲು, ಹಸಿರು ಎಂದುಕೊಂಡು ಮೆಟ್ಟಿಲು ಹತ್ತಿದವಳಿಗೆ ಕೆಳಗೆ ಕೆರೆಯೊಂದು ಮಲಗಿದ ಹಾಗೆ ಕಂಡಿತು. ಆಟಕ್ಕೆ ಮುಂಚೆ ಅಂಚಿನ ಕೊಳವೆಗಳಿಂದ ನೀರು ಚಿಮ್ಮಿ, ಇಡೀ ಮೈದಾನದ ಮೇಲೆ ಕಮಾನಿನಂತೆ ಬಾಗಿ ಬಿತ್ತು. ಬಿಸಿಲಿಗೆ ಅದರಲ್ಲಿ ಬಣ್ಣಗಳು ಮೂಡಿ ಮಾಯವಾದವು. ನಾನು ಕೈಚೀಲ ಎದೆಗೆ ಒತ್ತಿಕೊಂಡು ನಿಂತೇ ಇದ್ದೆ. ನಿನ್ನ ಭಾವನ ಪಕ್ಕದ ಕುರ್ಚಿಯ ಮುದುಕರು, ಮೊದಲು ಬಸ್ ಓಡಿಸುತ್ತಿದ್ದವರು, ಎಲ್ಲರೂ ಸೀಟಿ ಮಾವ ಎನ್ನುತ್ತಾರಲ್ಲ, ಅವರು ಪಾಸಿನ ನಂಬರು ನೋಡಿ ಕುರ್ಚಿಯ ಧೂಳು ಒರೆಸಿದರು. ಆಮೇಲೆ, ‘ಮೇಸ್ತ್ರಿ ಮನೆಯವರಾ? ಕೂತ್ಕೊಳ್ಳಿ ತಾಯಿ. ಈ ಕುರ್ಚಿ ಖಾಲಿಯಾದಾಗಿನಿಂದ ನನ್ನ ಬೈಯೋರೇ ಇಲ್ಲ’ ಎಂದರು.

ಆಟದ ವಿಷಯ ಕೇಳಬೇಡ. ಇನ್ನೇನು ಮುಗಿಯುತ್ತದೆ ಎನ್ನುವಾಗ ಎದುರಿನವರದು ಐದು ಗೋಲು, ನಮ್ಮದು ಒಂದು. ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆಗ ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್, ಗೋಲಿನ ಎದುರಿನಿಂದಲೇ ಹೊಡೆಯುವ ಅವಕಾಶ, ಸಿಕ್ಕಿತು. ನಿನಗೆ ಗೊತ್ತಿರುವುದೇ, ಆದರೂ ನಾನು ಕಂಡ ಹಾಗೆ ಬರೆಯುತ್ತೇನೆ. ನಮ್ಮ ಐದೇ ಜನ ಗೋಲಿನ ಗೆರೆಯ ಹಿಂದೆ, ಮುಖಕ್ಕೆ ಕವಚ ಹಾಕಿಕೊಂಡು ನಿಂತರು. ಚೆಂಡು ಹೊರಟದ್ದೇ ತಡ, ಅವರಲ್ಲಿ ಒಬ್ಬಳು ಬಾಣದ ಹಾಗೆ ಹೊರಟಳು. ಚೆಂಡಿನಿಂದ ದೂರಕ್ಕಲ್ಲ ಕಣೋ, ಅದನ್ನು ಹೊಡೆಯುವವಳ ಕೋಲಿಗೆ ನೇರವಾಗಿ! ಚೆಂಡು ನಮ್ಮವಳ ಕಣಕಾಲಿಗೆ ಬಡಿಯಿತು. ಆ ಸದ್ದು ನಮ್ಮ ಸಾಲಿನವರೆಗೂ ಬಂತು. ಕಾಲಿಗೆ ಬಡಿದ ತಪ್ಪಿಗೆ ಮತ್ತೆ ಕಾರ್ನರ್. ಕುಂಟುತ್ತಾ ಹೋಗಿ ಅದೇ ಜಾಗದಲ್ಲಿ ನಿಂತು, ಮತ್ತೆ ಹಾಗೇ ಓಡಿದಳು. ಮತ್ತೆ ಕಾಲಿಗೇ ಬಿತ್ತು. ನಾನು ಸೀಟಿ ಮಾವನ ತೋಳು ಹಿಡಿದುಕೊಂಡಿದ್ದೆ. ಯಾರ ತೋಳೆಂದು ನೋಡಿಯೂ ಇರಲಿಲ್ಲ.

ಮೂರನೆಯ ಸಲ ಗೆರೆಯ ಹಿಂದೆ ಏನೋ ಜಗಳ ಹತ್ತಿತು. ಗೋಲಿನ ಕಂಬದ ಬಳಿಯಿದ್ದ ಕುಳ್ಳ ಹುಡುಗಿ ಬಂದು ಇವಳ ಭುಜ ಹಿಡಿದು ಎಳೆದಳು. ಇವಳು ಕೊಸರಿಕೊಂಡಳು. ಅವಳು ಮತ್ತೆ ಎಳೆದಳು. ಸೋಲುತ್ತಿರುವಾಗ ತಮ್ಮ ತಮ್ಮಲ್ಲೇ ಕಚ್ಚಾಡುತ್ತಿದ್ದಾರಲ್ಲ ಎಂದು ನನಗೆ ನಾಚಿಕೆಯಾಯಿತು. ಸೀಟಿ ಮಾವ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ‘ನೋಡಿದ್ರಾ ತಾಯಿ? ಮೊದಲೆಲ್ಲ ನೀ ಹೋಗು, ನೀ ಹೋಗು ಅಂತ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ತಿದ್ರು. ಈಗ ನಾ ಹೋಗ್ತೀನಿ ಅಂತ ಕಿತ್ತಾಡ್ತಿದ್ದಾರೆ.’

ಕುಳ್ಳಿಯೇ ಗೆದ್ದಳು. ಆ ಜಾಗದಲ್ಲಿ ನಿಂತು ಅವಳು ಓಡಿದ ಓಟ ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿದೆ. ಚೆಂಡು ಅವಳ ಕೋಲಿನ ತುದಿ ಸವರಿಕೊಂಡು ಹೋಗಿ ಬಲೆಯೊಳಗೆ ಬಿತ್ತು. ಆರು ಗೋಲಾಯಿತು! ಅಷ್ಟಾದರೂ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು, ಚಪ್ಪಲಿ ಹುಡುಕುತ್ತಿದ್ದವರೂ ಸೇರಿ. ಗೆಲ್ಲಲು ಏನೂ ಉಳಿದಿಲ್ಲದ ಹೊತ್ತಿನಲ್ಲಿ, ಏಟು ನನಗಿರಲಿ ಎಂದು ಜಗಳವಾಡುವವರನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಮನೆಗೆ ನಡೆದೇ ಬಂದೆ. ಬಸ್ ಹತ್ತಬೇಕೆಂಬುದು ಮರೆತುಹೋಗಿತ್ತು.

ಒಂದಕ್ಕೆ ಆರು. ಲೆಕ್ಕಕ್ಕೆ ನೀನೇ ಗೆದ್ದೆ, ಒಪ್ಪಿದೆ. ಆದರೆ ನನ್ನ ಕಣ್ಣಿಗೆ ಗೋಡೆ ಕಂಡಿತು. ಅಲ್ಲಿ ಗೋಡೆ ಎದ್ದಿದೆ ಕಣೋ. ನಿನಗೆ ಕಾಣದಿದ್ದರೆ ಬಂದು ನನ್ನ ಎದುರು ಕೂತು ಹೇಳು.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಮೈ ಕಡೆ ಗಮನವಿರಲಿ.

ಇಂತಿ ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಮುಂದೂಡಿದ್ದು. ಆಸ್ಪತ್ರೆಯಲ್ಲಿ ಒಂದು ದಿನ ಅವರು ನನ್ನನ್ನು ಹತ್ತಿರ ಕರೆದು ಹೇಳಿದರು: ‘ನಿನ್ನ ತಮ್ಮ ಹೇಳೋದೇ ಸರಿ ಕಣೇ. ನಂಗೂ ಈ ತಂಡದ ಮೇಲಿನ ನಂಬಿಕೆ ಹೋಗಿ ಎಷ್ಟೋ ವರ್ಷ ಆಯ್ತು. ಆದ್ರೆ ನಾನು ಒಪ್ಕೊಂಡುಬಿಟ್ರೆ, ಭಾನುವಾರ ಅವನು ಬಂದು ಏನು ಮಾಡ್ತಾನೆ ಹೇಳು? ಅವನಿಗೆ ಹೇಳಬೇಡ.’ ಹಾಗಾಗಿ ನಿನ್ನ ನಾಲಿಗೆ ಹೇಳಿದ್ದನ್ನು ಅವರು ನಿನಗಿಂತ ಮುಂಚೆಯೇ ತಮ್ಮ ಮನಸ್ಸಿನಲ್ಲಿ ಹೇಳಿಕೊಂಡಿದ್ದರು. ಕೊಟ್ಟ ಮಾತು ಮುರಿದಿದ್ದೇನೆ, ಅವರು ಬೈದುಕೊಳ್ಳಲಿ. ಈ ಮನೆಯಲ್ಲಿ ಈಗ ಆ ತಂಡವನ್ನು ನಿಜವಾಗಿ ನಂಬುವವಳು ನಾನೊಬ್ಬಳೇ. ಭಾನುವಾರ ಟೀ ಎರಡು ಸಲ ಬಿಸಿ ಮಾಡಲು ನಾನು ತಯಾರಿದ್ದೇನೆ.