ಏಳೂಕಾಲಿನ ಪಿಟೀಲು

ಅಂಗಡಿಯ ಮೇಲಿನ ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಿಮ್ಮ ಮೈದುನನ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಸ್ವಲ್ಪವಾದರೂ ಕಡಿಮೆಯಾಯಿತೇ? ಶಾಲೆಯ ಮೆಟ್ಟಿಲುಗಳನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೀರೆಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದರು. ಇನ್ನೊಂದು ವರ್ಷದ ನೌಕರಿ ತಾನೇ, ಕೆಳಗಿನ ಅಂತಸ್ತಿನ ತರಗತಿ ಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳಬಾರದೇ? ಕೇಳುವುದಿಲ್ಲ, ಗೊತ್ತು. ನಿಮಗೋಸ್ಕರ ನೀವು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನದೇನೂ ವಿಶೇಷವಿಲ್ಲ. ಚಿಕ್ಕವನಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡುತ್ತೇನೆಂದು ನೀವು ನನಗೆ ‘ಬಿಚ್ಚಣ್ಣ’ ಎಂದು ಹೆಸರಿಟ್ಟಿರಿ. ಈಗಲೂ ಅದೇ ಕಸುಬು. ಜನರ ಕೈಗಡಿಯಾರ ಬಿಚ್ಚುತ್ತೇನೆ. ವ್ಯತ್ಯಾಸ ಇಷ್ಟೇ, ಈಗ ತಿರುಗಿ ಜೋಡಿಸಲೂ ಬರುತ್ತದೆ.

ನಿಮ್ಮ ಎರಡು ಸಾಲಿನ ಕಾಗದ ತಲುಪಿತು. ‘ವಿಷಯ ತಿಳಿಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.’ ನೀವು ಬರಲಿಲ್ಲವೆಂದು ನನಗೆ ಬೇಸರವಿಲ್ಲ, ಅತ್ತಿಗೆ. ಇಪ್ಪತ್ತೊಂಬತ್ತು ವರ್ಷ ಈ ಮನೆಯ ಹೊಸ್ತಿಲು ತುಳಿಯದವರಿಗೆ ಒಂದು ಫೋನ್ ಮಾಡಿ ‘ಬನ್ನಿ’ ಎಂದರೆ ಬಂದುಬಿಡುವುದು ಹೇಗೆ? ಆದರೆ ಇಲ್ಲಿ ಏನೇನಾಯಿತೆಂದು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅಣ್ಣ ಹೋದದ್ದು ಮಂಗಳವಾರ. ಅಂದೂ ಎಂದಿನಂತೆ ರೇಡಿಯೋದಲ್ಲಿ ಏಳೂಕಾಲಿಗೆ ಪಿಟೀಲು ನುಡಿಸಿ, ಎಂಟೂವರೆಗೆ ಮನೆಗೆ ಬಂದು, ಕಾಫಿ ಕುಡಿದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಮಾನಿಗೆ ರಾಳ ಉಜ್ಜುತ್ತ ಕೂತಿದ್ದ. ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ಆ ಹತ್ತು ನಿಮಿಷವನ್ನು ಅವನು ಬಿಟ್ಟಿರಲಿಲ್ಲ, ರೇಡಿಯೋ ನಿಲಯದವರೂ ಬಿಡಗೊಟ್ಟಿರಲಿಲ್ಲ. ನಾನು ಕೆಳಗೆ ಅಂಗಡಿಯಲ್ಲಿದ್ದೆ. ಮೇಲೆ ಏನೋ ಬಿದ್ದು ಉರುಳಿದ ಸದ್ದಾಯಿತು. ಹತ್ತಿ ಹೋಗಿ ನೋಡಿದರೆ ರಾಳದ ಡಬ್ಬಿ ಮಂಚದ ಕೆಳಗಿತ್ತು, ಕಮಾನು ಮಾತ್ರ ಅವನ ಮಡಿಲಲ್ಲೇ ಇತ್ತು. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ, ನೋವು ತಿಂದಿರಲಿಕ್ಕಿಲ್ಲ ಎಂದರು. ಈ ಮಾತನ್ನು ಎಲ್ಲರಿಗೂ ಹೇಳುತ್ತಾರೋ ಏನೋ, ನಾನಂತೂ ನಂಬಿದ್ದೇನೆ.

ನೀವಿದ್ದಾಗಲೇ ಬೀದಿಯವರು ಅವನನ್ನು ‘ಏಳೂಕಾಲು’ ಎಂದು ಕರೆಯಲು ಶುರುಮಾಡಿದ್ದರಲ್ಲ, ಕೊನೆಯವರೆಗೂ ಅದೇ ಹೆಸರು ಉಳಿಯಿತು. ನನ್ನ ಅಂಗಡಿಯ ಗಡಿಯಾರಗಳನ್ನು ನಂಬದವರೂ ಅವನನ್ನು ನಂಬುತ್ತಿದ್ದರು. ಮರುದಿನ ಬೆಳಗ್ಗೆ ರೇಡಿಯೋದಲ್ಲಿ ಸುದ್ದಿ ಹೇಳಿದರು. ಒಂಬತ್ತು ಗಂಟೆಯ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಂದವರು ಯಾರೆಂದು ನನಗೆ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿದ್ದಿರಲಾರದು. ಒಬ್ಬ ಬಸ್ ಡ್ರೈವರು ಟೋಪಿಯನ್ನು ಕೈಯಲ್ಲಿ ಹಿಂಡುತ್ತ, “ಏಳೂ ಇಪ್ಪತ್ತಕ್ಕೆ ಬಸ್ ಎತ್ತಬೇಕು ಸಾರ್. ಆದ್ರೆ ಇವರು ನುಡಿಸಿ ಮುಗಿಸೋವರೆಗೂ ನನ್ನ ಕಾಲು ಕ್ಲಚ್ ಮೇಲೆ ಹೋಗ್ತಿರ್ಲಿಲ್ಲ. ಎರಡು ಸಲ ಮೆಮೋ ತಿಂದಿದೀನಿ” ಎಂದ. ಬಸ್ಸಿನಲ್ಲಿದ್ದವರು ಒಬ್ಬರೂ ದೂರು ಕೊಡಲಿಲ್ಲವಂತೆ. ದೂರು ಕೊಟ್ಟದ್ದು ಮುಂದಿನ ಸ್ಟಾಪಿನಲ್ಲಿ ಕಾಯುತ್ತಿದ್ದವರಂತೆ.

ಇಸ್ತ್ರಿ ಮಾಡುವ ಹೆಂಗಸೊಬ್ಬಳು ಬಂದಿದ್ದಳು. “ನಮ್ಮನೆಯವ್ರು ಸತ್ತ ವರ್ಷ ನಾನು ಯಾರ ಜೊತೇನೂ ಮಾತಾಡ್ತಿರ್ಲಿಲ್ಲ. ಇವರು ದಿನಾ ಬಂದು ಹತ್ತು ನಿಮಿಷ ಮಾತಾಡಿಸ್ಕೊಂಡು ಹೋಗೋರು” ಎಂದಳು. ರೇಡಿಯೋದ ಮಾತು ಅದು ಎಂದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮನೆಯೊಳಗೆಲ್ಲ ಕಣ್ಣು ಹಾಯಿಸಿ, “ಇವರ ಮನೆಯವರೆಲ್ಲಿ? ಅವರ ಕೈ ಹಿಡಿದು ಒಂದು ಮಾತು ಹೇಳ್ಬೇಕಿತ್ತು” ಎಂದು ಕೇಳಿದಳು. ಬೇರೆ ಊರಲ್ಲಿದ್ದಾರೆ ಎಂದೆ. “ಹಾಗಾದ್ರೆ ನಾನು ಬಂದಿದ್ದೆ ಅಂತ ಹೇಳಿ” ಎಂದಳು. ಹೇಳಿದ್ದೇನೆ, ಅತ್ತಿಗೆ.

ಇನ್ನು ಮುಂದಿನದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಒದ್ದಾಡಿದ್ದೇನೆ. ನಿಮಗೆ ನೋವಾಗುತ್ತದೆ. ಆದರೂ ಇದು ನಿಮಗೆ ಸೇರಿದ್ದು, ನನ್ನ ಹತ್ತಿರ ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಹುಟ್ಟಿದ ಮಗು ಕಣ್ಣು ಬಿಡದೇ ಹೋದ ಆ ಬೆಳಗ್ಗೆ ನೀವು ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರೇ ಮಲಗಿದ್ದಿರಿ. ಗೋಡೆಯ ರೇಡಿಯೋದಲ್ಲಿ ಏಳೂಕಾಲಿಗೆ ಅಣ್ಣನ ಪಿಟೀಲು ಬಂತು. ಎಂದಿನ ಹಾಗೇ, ಒಂದು ಸ್ವರ ಆಚೀಚೆಯಾಗದೆ. ಆಮೇಲೆ ಮನೆಗೆ ಬಂದ ದಿನ ಅಡಿಗೆಮನೆಯಲ್ಲಿ ನೀವು ಅವನನ್ನು ಕೇಳಿದಿರಿ, “ಅವತ್ತು ನುಡಿಸೋಕೆ ನಿಮಗೆ ಕೈ ಹೇಗೆ ಬಂತು?” ನನಗಾಗ ಹದಿನಾರು. ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದುಕೊಂಡು ಕೂತಿದ್ದೆ. ಅಣ್ಣ “ತಪ್ಪಾಯ್ತು” ಎಂದ. ಅಷ್ಟೇ. ಮುಂದೆ ಒಂದು ವರ್ಷ ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ಯಾರ ಬಾಯಿಂದಲೂ ಬರಲಿಲ್ಲ. ನೀವು ಪೆಟ್ಟಿಗೆ ಕಟ್ಟಿದ ದಿನ ನಾನೂ ಅಣ್ಣನನ್ನು ಮನಸ್ಸಿನಲ್ಲೇ ಬೈದೆ. ಕಲ್ಲುಮನಸ್ಸಿನವನು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮೊನ್ನೆಯವರೆಗೂ ಆ ಮಾತು ನನ್ನೊಳಗಿತ್ತು.

ಗುರುವಾರ ಅವನ ಕಪಾಟು ಖಾಲಿ ಮಾಡಲು ನಿಲಯಕ್ಕೆ ಹೋಗಿದ್ದೆ. ಒಂದು ಟವೆಲು, ಹಳೆಯ ಕನ್ನಡಕ, ಎರಡು ಸುತ್ತು ತಂತಿ, ಅಷ್ಟೇ ಇದ್ದದ್ದು. ಟೇಪು ಕಾಯುವ ಮೇಡಂ ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟರು. ಕೆಲಸಕ್ಕೆ ಸೇರಿದಂದಿನಿಂದ ಅಣ್ಣನನ್ನು ಕಂಡವರು. ಮಾತಿನ ಮಧ್ಯೆ, ಮಗು ಹೋದ ದಿನವೂ ಬಿಡದೆ ನುಡಿಸಿದವನು ಎಂದು ನನ್ನ ಬಾಯಿಂದ ಜಾರಿತು. ಅವರು ನನ್ನ ಮುಖವನ್ನೇ ನೋಡಿದರು. “ಅವತ್ತು ಅವರು ನುಡಿಸ್ಲಿಲ್ಲ” ಎಂದರು.

ಆಸ್ಪತ್ರೆಯಿಂದ ನೇರ ಸ್ಟುಡಿಯೋಗೇ ಬಂದನಂತೆ. ಶ್ರುತಿ ಮಾಡಿಕೊಂಡನಂತೆ. ಕಮಾನನ್ನು ತಂತಿಯ ಮೇಲಿಟ್ಟ, ಕೈ ಎಳೆಯಲಿಲ್ಲ. ಪ್ರಸಾರದ ಕೆಂಪು ದೀಪ ಹತ್ತಲು ನಾಲ್ಕು ನಿಮಿಷವಿತ್ತು. ಎದ್ದು ಇವರ ಕೋಣೆಗೆ ಬಂದು, “ಹಳೇದು ಯಾವುದಾದ್ರೂ ಹಾಕಿಬಿಡಿ ಮೇಡಂ. ಅವಳ ವಾರ್ಡಲ್ಲಿ ರೇಡಿಯೋ ಇದೆ. ನಾನು ಬರ್ಲಿಲ್ಲ ಅಂದ್ರೆ ನನಗೂ ಏನೋ ಆಯ್ತು ಅಂತ ಹೆದರ್ತಾಳೆ” ಎಂದನಂತೆ. ಅವರು ಹಿಂದಿನ ವರ್ಷದ ಒಂದು ಟೇಪು ಹಾಕಿದರು. ಅದು ಮುಗಿದ ಮೇಲೂ ಅಣ್ಣ ಟೇಪಿನ ಬೀರುಗಳ ನಡುವೆ ನೆಲದ ಮೇಲೆ ಗೋಡೆಗೊರಗಿ ಮಧ್ಯಾಹ್ನದವರೆಗೆ ಕೂತಿದ್ದನಂತೆ. ಮೇಡಂ ಹಳೆಯ ರಿಜಿಸ್ಟರು ಹುಡುಕಿ ತೆಗೆದು ತೋರಿಸಿದರು. ಆ ತಾರೀಖು, ಏಳೂಕಾಲು, ಎದುರಿಗೆ ‘ಧ್ವನಿಮುದ್ರಣ’ ಎಂದು ಅವರದೇ ಅಕ್ಷರ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ.

ನಿಮಗೇಕೆ ಹೇಳಲಿಲ್ಲ? ಅವತ್ತಿನಿಂದ ಇದನ್ನೇ ತಲೆಯಲ್ಲಿ ಬಿಚ್ಚಿ ಜೋಡಿಸುತ್ತಿದ್ದೇನೆ. ನುಡಿಸಲಿಲ್ಲ ಎಂದು ಹೇಳಿದ್ದರೆ, ಹಾಗಾದರೆ ನನ್ನ ಹತ್ತಿರ ಏಕೆ ತಿರುಗಿ ಬರಲಿಲ್ಲ ಎಂದು ನೀವು ಕೇಳುತ್ತಿದ್ದಿರಿ. ಅವನಿಗೆ ನಿಮ್ಮ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ. ‘ತಪ್ಪಾಯ್ತು’ ಎಂದದ್ದು ಅದಕ್ಕೇ ಇರಬೇಕು. ನಿಮ್ಮ ಕೋಪಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ನೀವು ಒಬ್ಬರೇ ಮಲಗಿದ್ದದ್ದು ನಿಜ, ಅವನು ಬರದಿದ್ದದ್ದೂ ನಿಜ. ಅವನ ಕೈ ಮಾತ್ರ ಅವತ್ತು ಎಳೆಯಲಿಲ್ಲ. ಇದಿಷ್ಟು ನಿಮಗೆ ಗೊತ್ತಿರಲಿ.

ನೀವು ಉತ್ತರ ಬರೆಯಲೇಬೇಕೆಂದೇನೂ ಇಲ್ಲ. ಓದಿ, ಅಳು ಬಂದರೆ ಅತ್ತು, ಮಡಿಸಿ ಇಟ್ಟುಬಿಡಿ. ನಿಮ್ಮ ತಂಗಿಗೂ ಅವರ ಮಕ್ಕಳಿಗೂ ನನ್ನ ನೆನಪು ಹೇಳಿ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ. ಇಲ್ಲಿಂದಲೇ ನಿಮ್ಮ ಕಾಲಿಗೆರಗುತ್ತೇನೆ.

ಇಂತಿ ನಿಮ್ಮ,
ಬಿಚ್ಚಣ್ಣ

ತಾ.ಕ.: ಕಾಗದ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಬರುವ ತಿಂಗಳು ಹದಿನಾಲ್ಕಕ್ಕೆ ನನ್ನ ಎಡಗಣ್ಣಿನ ಆಪರೇಷನ್ ಇದೆ. ಗಾಬರಿ ಬೇಡ, ಪೊರೆ ಬಂದಿದೆ, ಅಷ್ಟೇ. ಆದರೆ ಹೊರಗೆ ಯಾರಾದರೂ ಒಬ್ಬರು ಕೂತಿರಲೇಬೇಕಂತೆ, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲವಂತೆ. ಅರ್ಜಿಯಲ್ಲಿ ‘ಜೊತೆಗೆ ಬರುವವರು’ ಎಂಬಲ್ಲಿ ನಿಮ್ಮ ಹೆಸರು ಬರೆದೆ, ಕೇಳದೇ ಬರೆದೆ. ‘ಸಂಬಂಧ’ ಎಂಬಲ್ಲಿ ತಾಯಿ ಎಂದು ಬರೆದೆ. ಕೌಂಟರಿನ ಹುಡುಗಿ ವಯಸ್ಸು ನೋಡಿ, “ಏನ್ ಸಾರ್, ನಿಮ್ಮ ತಾಯಿ ನಿಮಗಿಂತ ಹದಿಮೂರೇ ವರ್ಷ ದೊಡ್ಡೋರಾ?” ಎಂದಳು. “ಹೌದಮ್ಮ, ಹದಿಮೂರೇ” ಎಂದೆ. ಸೀಲು ಒತ್ತಿ ಕೊಟ್ಟಳು.