ಇನ್ನೂರರ ಮರ ಮತ್ತು ಬಿಸಿ ಕಾಣುವ ದುರ್ಬೀನು

ಕ್ರುಕ್‌ವೆಲ್,
ಆಗಸ್ಟ್ ೯, ಶನಿವಾರ

ಪ್ರೀತಿಯ ಕ್ಲೈವ್,

ಮಂಡಿ ಹೇಗಿದೆ? ನೀನು ಮಗಳ ಮನೆಯಲ್ಲಿ ಕೋಲು ಬಿಟ್ಟು ಅಡುಗೆಮನೆಯವರೆಗೆ ನಡೆದು, ಅಲ್ಲಿಂದ ವಾಪಸು ಬರಲಾಗದೆ ಫ್ರಿಜ್ಜಿಗೆ ಒರಗಿ ನಿಂತಿದ್ದೆ ಎಂದು ಜಾನೆಲ್ ಫೋನಿನಲ್ಲಿ ಹೇಳಿದಳು. ಡಾಕ್ಟರು ಹೊಸ ಮಂಡಿ ಹಾಕಿದ್ದು ಫ್ರಿಜ್ಜಿನಲ್ಲಿ ಏನಿದೆ ಅಂತ ನೋಡುವುದಕ್ಕಲ್ಲ. ಹೇಳಿಕೊಟ್ಟ ವ್ಯಾಯಾಮ ಮಾಡು, ಮಗಳ ತಲೆ ತಿನ್ನಬೇಡ, ಅವಳು ಮಾಡಿದ ಸೂಪಿಗೆ ಹೆಸರಿಡಬೇಡ. ನಾನು ಚೆನ್ನಾಗಿದ್ದೇನೆ. ನಾಯಿಯೂ ಚೆನ್ನಾಗಿದೆ, ನಿನ್ನ ಕುರ್ಚಿಯಲ್ಲಿ ಮಲಗುವುದನ್ನು ಕಲಿತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನೂ ಮಾತನಾಡುತ್ತೀಯ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಉಪಾಯ ನನಗೆ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಹಳ್ಳದ ಪಕ್ಕದ ಬಯಲಿನಲ್ಲಿ ಕುರಿಗಳು ಮರಿ ಹಾಕುವುದು ಭರದಿಂದ ನಡೆದಿದೆ. ಈ ಸಲ ಅವಳಿಗಳೇ ಜಾಸ್ತಿ. ನರಿಗಳಿಗೂ ಸುದ್ದಿ ಮುಟ್ಟಿದೆ. ಬೆಳಿಗ್ಗೆ ಹೋದರೆ ತಾಯಿಕುರಿ ಒಂದು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಂದಕ್ಕಾಗಿ ಕೂಗುತ್ತಿರುತ್ತದೆ. ಆ ಕೂಗನ್ನು ಕೇಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಆಸ್ಪತ್ರೆಗೆ ಹೊರಟ ದಿನ ಕಾರಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ್ದು ಕಿವಿಯಲ್ಲೇ ಇದೆ. "ನರಿ ಹೊಡೆಯೋಕಾಗದವನು ಕುರಿ ಯಾಕೆ ಸಾಕ್ಬೇಕು, ನೋಲೀನ್? ಈ ಸಲದ ಮರಿ ಮುಗೀಲಿ, ಎಲ್ಲಾ ಮಾರಿಬಿಡೋಣ." ಮೂರು ಚಳಿಗಾಲದಿಂದ ಗುರಿ ತಪ್ಪುತ್ತಿದೆ, ಹಾಗಾಗಿ ಕಣ್ಣು ಹೋಯಿತು ಎಂದು ನೀನೇ ತೀರ್ಪು ಕೊಟ್ಟುಕೊಂಡೆ. ಕಣ್ಣಿಗೆ ಏನೂ ಆಗಿಲ್ಲ ಎಂದ ಡಾಕ್ಟರನಿಗೆ ಇನ್ನೂ ಮೀಸೆ ಬಂದಿಲ್ಲ ಎಂದು ತಳ್ಳಿಹಾಕಿದೆ. ಕುರಿ ಮಾರಿಸುವ ಏಜೆಂಟನಿಗೆ ಆಸ್ಪತ್ರೆಯ ಮಂಚದಿಂದಲೇ ಫೋನ್ ಮಾಡಿ, ಬಂದು ನೋಡು ಎಂದದ್ದೂ ನನಗೆ ಗೊತ್ತು. ನೀನು ಪಿಸುಮಾತು ಎಂದುಕೊಂಡು ಆಡುವುದು ಹಜಾರದ ಆಚೆಗೂ ಕೇಳಿಸುತ್ತದೆ, ಕ್ಲೈವ್.

ಅದಕ್ಕೇ ನಿನ್ನ ಥರ್ಮಲ್ ಸ್ಕೋಪಿನ ವಿಷಯವನ್ನು ನಾನೇ ಕೈಗೆತ್ತಿಕೊಂಡೆ. ಕತ್ತಲಲ್ಲಿ ಮೈಯ ಬಿಸಿಯನ್ನು ನೋಡಿ ಪ್ರಾಣಿಯನ್ನು ತೋರಿಸುವ ಒಂದು ದುರ್ಬೀನನ್ನು ಕೋವಿಗೆ ಕೂರಿಸಲು ನಿನಗೆ ಇಷ್ಟು ವರ್ಷ ಬೇಕೇ? ಪಾಯಖಾನೆಯಲ್ಲಿ ಅದರ ಕ್ಯಾಟಲಾಗುಗಳು, ಊಟದ ಮೇಜಿನ ಮೇಲೆ ಅದರ ಚಿತ್ರಗಳು, ಕ್ರಿಸ್ಮಸ್ ದಿನ ಹ್ಯಾಮ್ ಕತ್ತರಿಸುವಾಗಲೂ ಅದರದೇ ಮಾತು. ನನ್ನನ್ನು ಮದುವೆಯಾಗುವ ಮುಂಚೆ ನೀನು ಇದರ ಕಾಲು ಭಾಗವೂ ಯೋಚಿಸಿರಲಿಲ್ಲ. ಎಲ್ಲ ಮುಗಿದು ಇನ್ನೇನು ಕೊಳ್ಳಬೇಕು ಎನ್ನುವಾಗ ಒಂದೇ ಕಡೆ ಬಂದು ನಿಲ್ಲುತ್ತಿದ್ದೆ: ಒಳಗೇ ದೂರ ಅಳೆಯುವ ಯಂತ್ರ ಇರುವುದು ಬೇಕೋ, ಇಲ್ಲದ್ದು ಸಾಕೋ? "ದೂರ ಅಳೆಯೋಕೆ ದೇವರು ಕಣ್ಣು ಕೊಟ್ಟಿದಾನೆ, ಬ್ಯಾಟರಿ ಕೊಟ್ಟಿಲ್ಲ" ಎಂದು ಕ್ಯಾಟಲಾಗು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಉಣ್ಣೆ ಕತ್ತರಿಸುವ ಕಾಲ ಬರುತ್ತಿತ್ತು.

ಬುಧವಾರ ಮಧ್ಯಾಹ್ನ ಗೌಲ್‌ಬರ್ನಿನ ಕೋವಿ ಅಂಗಡಿಯ ಲೆಸ್ಟರ್ ಮೂರು ದುರ್ಬೀನು ತಂದ, ಮೂರರಲ್ಲೂ ದೂರ ಅಳೆಯುವ ಯಂತ್ರವಿತ್ತು. ಅಂಗಡಿಯಲ್ಲಿ ನಿಂತು ಎದುರಿನ ಬೇಕರಿ ನೋಡಿ ಆರಿಸುವ ಸಾಮಾನಲ್ಲ ಇದು, ನಿಮ್ಮ ಬಯಲಿನಲ್ಲೇ ನೋಡಿ ಎಂದು ಅವನೇ ಹೇಳಿದ್ದು. ಕರೆಯದಿದ್ದರೂ ಬೇಲಿಯಾಚೆಯ ನೆವಿಲ್ ಹಾಜರಾದ. ಕತ್ತಲಾಗುವ ಹೊತ್ತಿಗೆ ಆಗಸ್ಟಿನ ಚಳಿಗಾಳಿ ಬೀಸತೊಡಗಿತು. ಆ ಮಹಾರಾಯ ತನ್ನ ಗಾಡಿಯೊಳಗೆ ಕೂತು, ಗಾಜು ಪೂರ್ತಿ ಏರಿಸಿಕೊಂಡು, ಅಲ್ಲಿಂದಲೇ ಒಂದನ್ನು ಕಣ್ಣಿಗೆ ಹಿಡಿದ. "ಅಯ್ಯಯ್ಯೋ ನೋಲೀನ್, ಎದುರಿಗೇ ಏನೋ ನಿಂತಿದೆ ಕಣೇ! ದಪ್ಪಗಿದೆ! ಕಾಡುಹಂದಿ ಇರ್ಬೇಕು, ನಾಯಿ ಕಟ್ಟು!" ಎಂದು ಒಳಗಿನಿಂದಲೇ ಅರಚಿದ. ಲೆಸ್ಟರ್ ನಿಧಾನಕ್ಕೆ ಹೋಗಿ ಬಾಗಿಲು ತೆಗೆದು, "ಇದಕ್ಕೆ ಗಾಜಿನಾಚೆ ಏನೂ ಕಾಣಲ್ಲ ನೆವಿಲ್. ಗಾಜಲ್ಲಿ ನಿಮ್ಮ ಬಿಸಿನೇ ನಿಮಗೆ ಕಾಣ್ತಿದೆ" ಎಂದ. ನೆವಿಲ್ ಗಾಡಿಯಿಂದ ಇಳಿದು, ಈ ಮಾದರಿ ಮನುಷ್ಯರನ್ನು ದಪ್ಪ ತೋರಿಸುತ್ತದೆ, ಕೊಳ್ಳಬೇಡ ಎಂದು ನನಗೆ ಬುದ್ಧಿ ಹೇಳಿದ.

ನಾನು ಹೇಗೆ ಆರಿಸಿದೆ ಎಂದು ನೀನು ಕೇಳುತ್ತೀಯ, ಹಾಗಾಗಿ ಕೇಳುವ ಮೊದಲೇ ಹೇಳುತ್ತೇನೆ. ಒಂದರ ಗಾಜು ಸಾಸರಿನಷ್ಟು ಅಗಲ. ಮೈಲಿಯಾಚೆಯ ಮೊಲವೂ ಕಾಣುತ್ತದಂತೆ, ಆದರೆ ಕೋವಿಯ ಮೇಲೆ ಕೂರಿಸಿದರೆ ಮೂತಿ ನೆಲ ನೋಡುತ್ತದೆ. "ಅಷ್ಟು ದೂರ ನೋಡಿ ನೀವೇನ್ ಮಾಡ್ತೀರಿ, ಅಷ್ಟು ದೂರ ಹೊಡೆಯೋಕೆ ಹೋಗ್ಬಾರ್ದು" ಎಂದು ಲೆಸ್ಟರನೇ ಅದನ್ನು ಪೆಟ್ಟಿಗೆಗೆ ಹಾಕಿದ. ಇನ್ನೊಂದರ ಗುಂಡಿಗಳು ಬಟಾಣಿಗಿಂತ ಸಣ್ಣವು, ಉಣ್ಣೆಯ ಕೈಗವಸು ಹಾಕಿಕೊಂಡು ಒತ್ತಿದರೆ ಮೂರೂ ಒಟ್ಟಿಗೆ ಒತ್ತಿಹೋಗುತ್ತಿದ್ದವು. ಮೂರನೆಯದು ಕೈಗೆ ಹಗುರ, ಅಂಕಿಗಳು ನನಗೆ ಕನ್ನಡಕವಿಲ್ಲದೆ ಕಾಣುತ್ತವೆ. ಅದರಲ್ಲಿ ಬಯಲು ಎಷ್ಟು ಚೆನ್ನಾಗಿ ಕಂಡಿತು ಗೊತ್ತೇ? ಕುರಿಗಳ ಮೈಗೆ ಉಣ್ಣೆ ಇರುವುದರಿಂದ ಮುಖ ಮತ್ತು ಕಾಲು ಮಾತ್ರ ಬೆಳ್ಳಗೆ, ಬಿಲ ಬಿಟ್ಟು ಬಂದ ವೊಂಬ್ಯಾಟ್ ಒಂದು ಉಬ್ಬಿದ ಬ್ರೆಡ್ಡಿನ ಹಾಗೆ ಉರುಳಿಕೊಂಡು ಹೋಗುತ್ತಿತ್ತು. ಹಳ್ಳದ ಅಂಚಿನಲ್ಲಿ ಆಗಷ್ಟೇ ಹುಟ್ಟಿದ ಎರಡು ಮರಿ. ಒಂದು ಫಳಫಳ ಬಿಳಿ. ಇನ್ನೊಂದು ನೋಡುನೋಡುತ್ತಲೇ ಬೂದು ಬಣ್ಣವಾಗುತ್ತಾ ಬಂತು. ಅದರ ಮೈ ತಣ್ಣಗಾಗುತ್ತಿತ್ತು. ದುರ್ಬೀನನ್ನು ಲೆಸ್ಟರನ ಕೈಗೆ ತುರುಕಿ ಓಡಿದೆ. ಆ ಮರಿ ಈಗ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿದೆ, ಬಾಟಲಿಗೆ ಹಟ ಮಾಡುತ್ತದೆ.

ಮರಿಯನ್ನು ಒಳಗಿಟ್ಟು ಬಂದ ಮೇಲೆ ದೂರ ಅಳೆಯುವ ಪಂಚಾಯಿತಿ. ಕೊಟ್ಟಿಗೆಯ ಗೇಟಿನಲ್ಲಿ ನಿಂತು ಲೆಸ್ಟರ್, "ದೂರ ಗೊತ್ತಿರೋದು ಏನಾದ್ರೂ ತೋರ್ಸಿ, ಯಂತ್ರ ಸರಿ ಇದೆಯಾ ನೋಡೋಣ" ಎಂದ. ನಾನೂ ನೆವಿಲ್ಲನೂ ಒಟ್ಟಿಗೇ ಕೈ ಚಾಚಿದೆವು. ಇನ್ನೂರರ ಮರ! ಈ ಜಾಗದಲ್ಲಿ ಅದಕ್ಕಿಂತ ಖಾತ್ರಿಯಾದದ್ದು ಇನ್ನೇನಿದೆ? ಈ ಗೇಟಿನಿಂದ ಇನ್ನೂರು ಗಜ ಎಂದು ನಿನ್ನ ಅಪ್ಪ ಬೇಲಿ ಅಳೆಯುವ ಸರಪಳಿ ಹಿಡಿದು ಅಳೆದ ಒಣಮರ. ಮದುವೆಯಾಗಿ ಬಂದಾಗ ನೀನು ನನಗೆ ಮೊದಲು ತೋರಿಸಿದ್ದು ಅದನ್ನು, ಆಮೇಲೆ ಬಚ್ಚಲನ್ನು. ನಮ್ಮಂಥ ಹಳಬರಿಗೆಂದು ಲೆಸ್ಟರ್ ಯಂತ್ರವನ್ನು ಗಜಕ್ಕೇ ಹೊಂದಿಸಿದ್ದ. ಗುಂಡಿ ಒತ್ತಿದೆ. ಇನ್ನೂರ ಎಂಬತ್ತು. "ಕೆಟ್ಟಿದೆ" ಎಂದ ನೆವಿಲ್. ಎರಡನೆಯದರಲ್ಲಿ ನೋಡಿದೆವು, ಇನ್ನೂರ ಎಂಬತ್ತು. "ಇದೂ ಕೆಟ್ಟಿದೆ." ಪೆಟ್ಟಿಗೆಯಿಂದ ಮತ್ತೆ ತೆಗೆದ ಇನ್ನೊಂದೂ ಹಾಗೇ ಹೇಳಿತು. "ಮೂರೂ ಒಂದೇ ಥರ ಕೆಟ್ಟಿವೆ, ಲೆಸ್ಟರ್. ಅಂಗಡಿ ಮುಚ್ಚು, ಬಿಸ್ಕತ್ತು ಮಾರು. ಮುದುಕ ಅಳೆದ ಮರ ಕಣಯ್ಯಾ ಅದು! ಅದು ಸುಳ್ಳು ಹೇಳುತ್ತಾ?"

ನೆವಿಲ್ ಅಷ್ಟು ಹೇಳಿ ಸುಮ್ಮನಿರದೆ, ಯಂತ್ರದ ಮರ್ಯಾದೆ ತೆಗೆಯುತ್ತೇನೆಂದು ಟಾರ್ಚು ಹಿಡಿದು ತಾನೇ ಹೆಜ್ಜೆ ಎಣಿಸುತ್ತಾ ಹೊರಟ. ಅರ್ಧಕ್ಕಿಂತ ಮುಂದೆ ಹೋದವನು ಹುಲ್ಲಿನಲ್ಲಿ ಏನಕ್ಕೋ ಎಡವಿ ದೊಪ್ಪನೆ ಕೂತ. ಲೆಸ್ಟರ್ ಏಟಾಯಿತೇ ಎಂದು ಕೇಳುವ ಬದಲು ಯಂತ್ರವನ್ನು ಅವನ ಕಡೆಗೇ ತಿರುಗಿಸಿ ಗುಂಡಿ ಒತ್ತಿದ. "ನೆವಿಲ್, ನೀವು ಕೂತಿರೋದು ಸರಿಯಾಗಿ ಇನ್ನೂರರಲ್ಲಿ" ಎಂದು ಕೂಗಿದ. ಹೋಗಿ ನೋಡಿದರೆ ಅವನು ಎಡವಿದ್ದು ಒಂದು ಹಳೆಯ ಬೊಡ್ಡೆಗೆ. ಗರಗಸದಲ್ಲಿ ನೀಟಾಗಿ ಕೊಯ್ದ ಬೊಡ್ಡೆ.

ಈಗ ನಿನಗೆ ನೆನಪಾಯಿತೇ? ಆ ದೊಡ್ಡ ಗಾಳಿಯ ವರ್ಷ ಬಯಲಿನಲ್ಲಿ ಒಂದು ಒಣಮರ ಬಿತ್ತು. ನೀನೇ ಕೊಯ್ದೆ, ನಾನೇ ಕೈಗಾಡಿಯಲ್ಲಿ ತಂದೆ, ಆ ಚಳಿಗಾಲವೆಲ್ಲ ಒಲೆಗೆ ಹಾಕಿ ಕಾಲು ಕಾಯಿಸಿಕೊಂಡೆವು, ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದು ಹೊಗಳಿದೆವು. ಅದೇ ಇನ್ನೂರರ ಮರ, ಕ್ಲೈವ್. ಅದರ ಹಿಂದೆ ಅದೇ ಸಾಲಿನಲ್ಲಿ ಅಂಥದೇ ಇನ್ನೊಂದು ಒಣಮರ ನಿಂತಿತ್ತು. ಮುಂದಿನದು ಹೋದ ಮೇಲೆ ನಾವೆಲ್ಲ ಒಂದು ಮಾತೂ ಆಡದೆ ಹಿಂದಿನದನ್ನು ಇನ್ನೂರು ಎಂದು ಕರೆಯಲು ಶುರುಮಾಡಿದೆವು. ನೀನು ಗುರಿ ತಪ್ಪಲು ಶುರುಮಾಡಿದ್ದೂ ಆ ವರ್ಷದಿಂದಲೇ. ನರಿ ಮರದ ಬುಡದಲ್ಲಿ ನಿಂತಿರುತ್ತಿತ್ತು, ನೀನು ಇನ್ನೂರು ಗಜಕ್ಕೆಂದು ಗುರಿ ಹಿಡಿದು ಹೊಡೆಯುತ್ತಿದ್ದೆ, ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಇಳಿದು ಅದರ ಹೊಟ್ಟೆಯ ಕೆಳಗೆ ಮಣ್ಣು ಹಾರಿಸುತ್ತಿತ್ತು. ಕಣ್ಣು ಹೋಗಿರಲಿಲ್ಲ. ಕೈ ನಡುಗಿರಲಿಲ್ಲ. ನಾನು ಆ ಚಳಿಯಲ್ಲಿ ಬೊಡ್ಡೆಯ ಮೇಲೆ ಕೂತು ಅತ್ತುಬಿಟ್ಟೆ. ನೆವಿಲ್ ನಾನು ನಗುತ್ತಿದ್ದೇನೆ ಎಂದುಕೊಂಡು ತಾನೂ ನಕ್ಕ. ಮೂರು ವರ್ಷ ನೀನು ಗುಂಡು ಹಾರಿಸಿ ಬಂದು, ಕೋವಿ ಒರೆಸಿಟ್ಟು, ಮಾತಿಲ್ಲದೆ ಮಲಗುತ್ತಿದ್ದದ್ದು ನನಗೆ ನೆನಪಾಗುತ್ತಿತ್ತು.

ಮೂರನೆಯ ದುರ್ಬೀನನ್ನು ಅಲ್ಲೇ ಕೊಂಡೆ, ದೂರ ಅಳೆಯುವ ಯಂತ್ರದ ಸಮೇತ. ಬೆಲೆಯನ್ನು ನಿನ್ನ ಮಂಡಿ ಗಟ್ಟಿಯಾದ ಮೇಲೆ ಹೇಳುತ್ತೇನೆ. ಲೆಸ್ಟರ್ ಅದನ್ನು ಕೋವಿಗೆ ಕೂರಿಸಿ, ಮಾರನೆಯ ಬೆಳಿಗ್ಗೆ ನನ್ನ ಕೈಯಲ್ಲೇ ಮಣ್ಣಿನ ದಿಬ್ಬಕ್ಕೆ ಹೊಡೆಸಿ ಗುರಿ ಸರಿಮಾಡಿ ಹೋದ. ಯಾರನ್ನೂ ಬೈಯಬೇಡ, ನಿನ್ನ ಅಪ್ಪನನ್ನಂತೂ ಬೇಡವೇ ಬೇಡ. ಅವರು ಸರಿಯಾಗಿಯೇ ಅಳೆದಿದ್ದರು. ಜಾನೆಲ್‌ಗೆ ಮುತ್ತು, ಅವಳ ಗಂಡನಿಗೆ ನಮಸ್ಕಾರ. ರಾತ್ರಿ ಕಾಲಿಗೆ ದಿಂಬು ಇಟ್ಟುಕೊಂಡು ಮಲಗು. ಮನೆ ತುಂಬ ದೊಡ್ಡದು ಅನ್ನಿಸುತ್ತಿದೆ, ಬೇಗ ಬಾ.

ನಿನ್ನ,
ನೋಲೀನ್

ಮರೆತಿದ್ದೆ, ಅಂಚೆಯವಳು ಗೇಟಿಗೆ ಬಂದಾಯಿತು. ನಿನ್ನ ಏಜೆಂಟ್ ನಿನ್ನೆ ಬಂದಿದ್ದ. ಚಹಾ ಕೊಟ್ಟೆ, ಬೆಣ್ಣೆ ಸವರಿದ ಸ್ಕೋನ್ ಕೊಟ್ಟೆ, ಮಾರಲು ಕುರಿ ಇಲ್ಲ ಎಂದೆ. ಅವನು ಬಯಲ ತುಂಬ ನಿಂತ ಕುರಿ ನೋಡಿದ, ನನ್ನ ಮುಖ ನೋಡಿದ, ಇನ್ನೊಂದು ಸ್ಕೋನ್ ತಿಂದು ಹೋದ. ಮತ್ತೆ ಗುರುವಾರ ಸಂಜೆ ನೆವಿಲ್ಲನಿಗೆ ಫೋನ್ ಮಾಡಿ ತಿಳಿಸಿ, ಗುಂಡು ಆಚೆ ಹೋಗದಂತೆ ಹಿಂದೆ ದಿಬ್ಬವಿದೆಯೇ ನೋಡಿಕೊಂಡು, ದೊಡ್ಡ ಗಂಡು ನರಿಯನ್ನು ನಾನೇ ಹೊಡೆದೆ. ಒಂದೇ ಗುಂಡು. ಅದರ ಜೊತೆಗಾತಿ ನಿನ್ನೆ ಸಂಜೆ ಆ ಹಿಂದಿನ ಮರದ ಬುಡದಲ್ಲಿ ಬಂದು ಕೂತಿತ್ತು. ದೂರ ಅಳೆದೆ, ಗುರಿ ಹಿಡಿದೆ, ಬೆರಳು ತೆಗೆದೆ. ಅದನ್ನು ನಿನಗೆಂದು ಬಿಟ್ಟಿದ್ದೇನೆ. ಆದರೆ ಕ್ಲೈವ್, ಒಂದೇ ಒಂದು ಮರಿಯನ್ನು ಮುಟ್ಟಿತೋ, ನಾನು ಕಾಯುವವಳಲ್ಲ.