ಮೊದಲನೇ ಬಾದೂಷಾ

ಅಂಚೆಟ್ಟಿ
ಗುರುವಾರ, 6-11-2025

ಜೂಜುವಾಡಿ ಮನೆಯ ಯಜಮಾನರಿಗೆ,

ಮುನಿಲಕ್ಷ್ಮಿಯ ನಮಸ್ಕಾರ. ನಾನಿಲ್ಲಿ ಅಮ್ಮನ ಮನೇಲಿ ಚೆನ್ನಾಗಿದೀನಿ. ನೀವು ಹೇಗಿದೀರಿ ಅಂತ ಕೇಳಲ್ಲ. ನಿಮ್ಮನ್ನ ನೋಡ್ಕೊಳ್ಳೋಕೆ ನಿಮ್ಮ ನಾಯಿ ಮಣಿ ಇದಾನಲ್ಲ.

ಫೋನಲ್ಲಿ ಹೇಳೋಣ ಅಂದ್ರೆ ನೀವು ಊಂ ಅಂತೀರಿ, ಹಿಂದಿಂದ ಅವನು ಬೊಗಳ್ತಾನೆ, ನನ್ನ ಮಾತು ಅರ್ಧಕ್ಕೇ ಬಿಟ್ಟು ಅವನನ್ನ ಮುದ್ದು ಮಾಡೋಕೆ ಹೋಗ್ತೀರಿ. ಅದಕ್ಕೇ ಬರೆದು ತಮ್ಮ ರಾಜೇಶನ ಕೈಲಿ ಕಳಿಸ್ತಿದೀನಿ. ಯಾವಾಗ ವಾಪಸ್ಸು ಬರ್ತೀಯ ಅಂತ ನಿನ್ನೆ ಕೇಳಿದ್ರಿ. ಬರೋದಾ ಬೇಡವಾ ಅಂತಲೇ ನಾನಿನ್ನೂ ತೀರ್ಮಾನ ಮಾಡಿಲ್ಲ. ರಾಗಿ ಕೊಯ್ಲಿಗೆ ಬಂದೆ ಅಂತ ಊರಿಗೆಲ್ಲ ಹೇಳಿದೀನಿ. ಅಮ್ಮ ಮಾತ್ರ ನಂಬಿಲ್ಲ.

ಹೊಟ್ಟೆಕಿಚ್ಚು ಅಂತ ಅವತ್ತು ನಕ್ಕುಬಿಟ್ರಿ. ಹೌದು, ಹೊಟ್ಟೆಕಿಚ್ಚೇ. ದೀಪಾವಳಿಗೆ ಫ್ಯಾಕ್ಟರೀಲಿ ಕೊಟ್ಟ ಸ್ವೀಟ್ ಬಾಕ್ಸ್ ಹಿಡ್ಕೊಂಡು ಬಂದ್ರಿ. ನಾನು ತಲೆಗೆ ನೀರು ಹಾಕ್ಕೊಂಡು, ದೇವರ ಮುಂದೆ ದೀಪ ಹಚ್ಚಿಟ್ಟು, ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀವು ಗೇಟಲ್ಲೇ ದಾರ ಬಿಚ್ಚಿ ಮೊದಲನೇ ಬಾದೂಷಾನ ಮಣಿ ಬಾಯಿಗೆ ಹಾಕಿದ್ರಿ. ಅವನು ನೆಕ್ಕಿದ ಕೈಯನ್ನೇ ಮತ್ತೆ ಬಾಕ್ಸಿಗೆ ಹಾಕಿ ನನಗೂ ಒಂದು ಕೊಡೋಕೆ ಬಂದ್ರಿ. ಇನ್ನು ಅದನ್ನ ದೇವರಿಗೆ ಹೇಗೆ ಇಡೋದು? ಬೆಲ್ಲದ ಚೂರು ಇಟ್ಟು ಕೈ ಮುಗಿದೆ. ದೇವರು ಕ್ಷಮಿಸಿರಬಹುದು, ನಾನು ಕ್ಷಮಿಸಿಲ್ಲ.

ಮದುವೆಯಾದ ಹೊಸದರಲ್ಲಿ ಕ್ಯಾಂಟೀನಿನ ವಡೇನ ಟಿಫನ್ ಬಾಕ್ಸಲ್ಲಿ ಮುಚ್ಚಿಟ್ಟು ನನಗೆ ಅಂತ ತರ್ತಿದ್ರಿ. ತಣ್ಣಗಾಗಿ ಚಪ್ಪಲಿ ಹಾಗಿರ್ತಿತ್ತು. ಆದ್ರೂ ಶಿಫ್ಟು ಬಿಡೋ ಹೊತ್ತಿಗೆ ನಿಮ್ಮ ಬೈಕಿನ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿರ್ತಿದ್ದೆ. ಈಗ ಆ ಬಾಕ್ಸು ಮಣಿ ನೆಕ್ಕಿ ಮುಗಿಸಿದ ಮೇಲೆ ನನ್ನ ಕೈಗೆ ಬರುತ್ತೆ, ತಿಕ್ಕೋದಕ್ಕೆ. ಅವನ ಉಣ್ಣಿ ಕೀಳೋದು ನಾನು, ಮೈ ತೊಳೆಯೋದು ನಾನು, ಮುದ್ದೆ ಕಲಸಿ ಹಾಕೋದೂ ನಾನೇ. ಸಂಜೆ ನಿಮ್ಮ ಒಂದು ಬಿಸ್ಕತ್ತು ಕಂಡ್ರೆ ಅವನಿಗೆ ನಾನು ಯಾರೋ.

ನಾಯಿಗೆ ತಿಂಡಿ ಹಾಕೋದ್ರಲ್ಲಿ ಜನಕ್ಕೆ ಅದೇನು ಸುಖ ಅಂತ ಇಲ್ಲಿ ರಾಗಿ ಕೊಯ್ತಾ ಯೋಚನೆ ಮಾಡಿದೆ. ಅಲ್ಲಿ ನಮ್ಮ ಎದುರುಮನೆ ಗಂಗರತ್ನಮ್ಮ ಸೊಸೆಗೆ ಒಂದು ಬಾಳೆಹಣ್ಣು ಕೊಡೋಕೆ ಹಿಂದೆ ಮುಂದೆ ನೋಡ್ತಾರೆ, ಬೀದಿನಾಯಿಗೆ ಬನ್ನನ್ನ ಹಾಲಲ್ಲಿ ನೆನೆಸಿ ಹಾಕ್ತಾರೆ. ನಾಯಿ ನಿನ್ನೆ ಯಾಕೆ ತರಲಿಲ್ಲ ಅಂತ ಕೇಳಲ್ಲ. ಒಂದೇನಾ ಅನ್ನಲ್ಲ. ದಿನವೆಲ್ಲ ಸೂಪರ್‌ವೈಸರ್ ಹತ್ರ ಬೈಸ್ಕೊಂಡು ಬಂದ ಮನುಷ್ಯನ್ನ ಮಹಾರಾಜ ಬಂದ ಅನ್ನೋ ಹಾಗೆ ನೋಡುತ್ತೆ. ಒಂದು ಬಿಸ್ಕತ್ತಿಗೆ ಅಷ್ಟು ಮರ್ಯಾದೆ ಇನ್ನೆಲ್ಲಿ ಸಿಗುತ್ತೆ. ಇದೆಲ್ಲ ನನಗೆ ಅರ್ಥ ಆಗುತ್ತೆ. ಅರ್ಥ ಆದ್ರೂ ಉರಿ ಕಮ್ಮಿ ಆಗಲ್ಲ. ನಾನೂ ಅವನ ಹಾಗೇ ಗೇಟು ನೋಡ್ಕೊಂಡು ಇರ್ತೀನಿ. ನನಗೆ ಬಾಲ ಇಲ್ಲ, ಅಷ್ಟೆ.

ನಾನು ಬರಬೇಕು ಅಂದ್ರೆ, ಇನ್ಮೇಲೆ ಗೇಟು ತೆಗೆದ ತಕ್ಷಣ ಮೊದಲು ನನ್ನ ಹೆಸರು ಕೂಗಿ. ಆಮೇಲೆ ಬೇಕಾದ್ರೆ ಅವನದ್ದು. ಅದು ಆಗಲ್ಲ ಅಂದ್ರೆ ರಾಜೇಶನ ಹತ್ರ ಹೇಳಿ ಕಳಿಸಿ, ನಾನಿಲ್ಲೇ ಇದ್ದುಬಿಡ್ತೀನಿ.

ಇಂತಿ,
ನಿಮ್ಮ ಮನೇಲಿ ಎರಡನೆಯವಳಾದ
ಮುನಿಲಕ್ಷ್ಮಿ

ಬರೆಯೋಕೆ ಮರೆತದ್ದು: ಅಮ್ಮನ ಅಂಗಳಕ್ಕೆ ಒಂದು ಬಡಕಲು ಕರಿ ನಾಯಿಮರಿ ಬರುತ್ತೆ. ಓಡಿಸೋಕೆ ಅಂತ ಎದ್ದವಳು, ಕೈಲಿದ್ದ ರಸ್ಕಿನ ಚೂರು ಹಾಕಿಬಿಟ್ಟೆ. ತಿಂದು ನನ್ನ ಮುಖಾನೇ ನೋಡ್ತಾ ಕೂತ್ಕೊಳ್ತು. ಈಗ ಅಮ್ಮ ಕರೆದ್ರೂ ಹೋಗಲ್ಲ, ರಾಜೇಶ ಕರೆದ್ರೂ ಹೋಗಲ್ಲ. ನನಗೆಷ್ಟು ಖುಷಿಯಾಗಿದೆ ಅಂತ ನಿಮಗೆ ಹೇಳೋಕೆ ನಾಚಿಕೆ. ಭಾನುವಾರ ಮಧ್ಯಾಹ್ನ ಹೊಸೂರು ಬಸ್‌ಸ್ಟ್ಯಾಂಡಿಗೆ ಬನ್ನಿ, ಬ್ಯಾಗು ಹಿಡ್ಕೊಳ್ಳೋಕೆ ಒಬ್ರು ಬೇಕು. ಮರಿ ಇರೋ ಬುಟ್ಟಿ ನಾನೇ ಹಿಡ್ಕೊಂಡಿರ್ತೀನಿ. ಅದಕ್ಕೆ ನೀವು ಏನೂ ಹಾಕಬಾರದು, ಒಂದು ಬಿಸ್ಕತ್ತೂ ಕೂಡ.